ಮಿಂಟ್‌ನಾಗ ಸಾಫ್ಟ್‌ವೇರ್ ಹಾಕೋದು ಹಿಂಗ್ರಿ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ನಂದೊಂದು ಡಿಟಿಪಿ ಅಂಗಡಿ. ಹಳೇ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ ಮ್ಯಾಲೆ ಎಲ್ಲರೂ ಕೇಳೋದು ಒಂದೇ: "ಅಣ್ಣಾ, ಸೆಟಪ್ ಫೈಲ್ ಎಲ್ಲಿಂದ ಇಳಿಸ್ಲಿ?" ಎಲ್ಲಿಂದಲೂ ಬ್ಯಾಡ್ರಿ. ವಿಂಡೋಸ್‌ನ ಸೆಟಪ್ ಇಲ್ಲಿ ನೇರವಾಗಿ ನಡೆಯಂಗಿಲ್ಲ.

ಮೆನುದಾಗ ಸಾಫ್ಟ್‌ವೇರ್ ಮ್ಯಾನೇಜರ್ ತೆರೀರಿ. ಆಪಿನ ಹೆಸರು ಗೊತ್ತಿಲ್ಲಂದ್ರ ಕೆಲಸದ ಹೆಸರನ್ನ ಇಂಗ್ಲಿಷಿನಾಗ ಹುಡುಕ್ರಿ. ಲಗ್ನಪತ್ರಿಕೆ ಮಾಡ್ಲಿಕ್ಕೆ ನಾ ಇಂಕ್‌ಸ್ಕೇಪ್ ಅನ್ನೋ ಡಿಸೈನ್ ಆಪ್ ಹಾಕೀನಿ. ಕೆಲವು ಆಪು ಎರಡು ನಮೂನಿ ಸಿಗ್ತಾವ: ಸಿಸ್ಟಮ್ ಪ್ಯಾಕೇಜ್ (ಸಿಸ್ಟಮಿನ ಸ್ವಂತ ಭಂಡಾರದ್ದು), ಫ್ಲಾಟ್‌ಪ್ಯಾಕ್ (ಬ್ಯಾರೆ ಬ್ಯಾರೆ ಲಿನಕ್ಸಿಗೂ ನಡೆಯೋ ಕಟ್ಟು). ಫ್ಲಾಟ್‌ಪ್ಯಾಕಿನಾಗ ಸಾಮಾನ್ಯವಾಗಿ ಹೊಸ ಆವೃತ್ತಿ ಇರ್ತದ, ಆದ್ರ ಮೊದಲ ಸಲ ತನಗ ಬೇಕಾದ ರನ್‌ಟೈಮ್ ಅನ್ನೋ ಪೂರಕ ಫೈಲುಗಳನ್ನೂ ಎಳ್ಕೊಂತದ. ಮೊಬೈಲ್ ಡೇಟಾದಾಗ ಇಳಿಸೋರು ಗಾತ್ರ ನೋಡೇ ಇನ್‌ಸ್ಟಾಲ್ ಒತ್ರಿ. ನಾನಂತೂ ಸಿಸ್ಟಮ್ ಪ್ಯಾಕೇಜೇ ಮೊದಲು ನೋಡೋದು.

ಹೋದ ಬ್ಯಾಸಗ್ಯಾಗ ಇನ್‌ಸ್ಟಾಲ್ ಅರ್ಧಕ್ಕ ಬಂದಾಗ ಕರೆಂಟ್ ಹೋತು. ಯುಪಿಎಸ್ ಬ್ಯಾಟರಿನೂ ಸತ್ತಿತ್ತು. ಆಮ್ಯಾಲೆ ಹೊಸದೇನು ಹಾಕಾಕ ಹೋದ್ರೂ ಎರರ್. ಇದಕ್ಕ ಆಜ್ಞೆ ಟೈಪ್ ಮಾಡೋ ಕಿಟಕಿ, ಟರ್ಮಿನಲ್ಲೇ ಮದ್ದು: ಇಂಗ್ಲಿಷ್ ಸಣ್ಣ ಅಕ್ಷರದಾಗ ‘ಸುಡೊ’, ಜಾಗ ಬಿಟ್ಟು ‘ಡಿಪಿಕೆಜಿ’, ಮತ್ತ ಜಾಗ, ಎರಡು ಅಡ್ಡಗೆರೆಗೆ ಹತ್ತಿಸಿ ‘ಕಾನ್ಫಿಗರ್’, ಇನ್ನೊಂದು ಜಾಗ, ಒಂದು ಅಡ್ಡಗೆರೆಗೆ ಹತ್ತಿಸಿ ‘ಎ’ (sudo dpkg --configure -a). ಎಂಟರ್ ಹೊಡೆದು ಪಾಸ್‌ವರ್ಡ್ ಕೊಟ್ಟೆ, ಅರ್ಧಕ್ಕ ನಿಂತದ್ದು ಮುಗೀತು. ಈಗ ಬ್ಯಾಟರಿ ಬದಲಾಯಿಸೀನ್ರಿ.

ಕನ್ನಡ ಅಕ್ಷರ ಚಂದ ಕಾಣ್ಲಿಕ್ಕೆ ಅದೇ ಮ್ಯಾನೇಜರಿನಾಗ ಗುಬ್ಬಿ, ನವಿಲು ಫಾಂಟ್ ಹುಡುಕ್ರಿ. ನುಡಿ ತಂತ್ರಾಂಶದಾಗ ಮಾಡಿದ ಹಳೇ ಆಸ್ಕಿ (ಹಳೇ ಅಕ್ಷರ ಸಂಕೇತದ) ಫೈಲು ಮಾತ್ರ ಇವುಗಳಿಂದ ಓದ್ಲಿಕ್ಕೆ ಬರಂಗಿಲ್ಲ, ಅವನ್ನ ಮೊದಲು ಈಗಿನ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಾಯಿಸ್ಬೇಕು.