ಕೂಲಂಟ್ ಕೊಳ್ಳುವಾಗ ಈಗ ನಾನು ಬಣ್ಣ ನೋಡಲ್ಲ

ನನ್ನ ಡೀಸೆಲ್ ಗಾಡಿಯ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದಾಗ ಆಯಿಲ್ ಬೆಳ್ಳಗೆ ನೊರೆನೊರೆಯಾಗಿತ್ತು. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್, ಹೋಗಿರಬೇಕು ಅಂದುಕೊಂಡೆ. ಬಿಚ್ಚಿ ನೋಡಿದರೆ ಗ್ಯಾಸ್ಕೆಟ್ ಚೆನ್ನಾಗಿಯೇ ಇತ್ತು. ಕೊನೆಗೆ ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಹೊರಗೆ ತೆಗೆದೆವು. ನೀರು ತಾಗುವ ಹೊರಮೈಯಲ್ಲಿ, ಒಂದೇ ಪಕ್ಕದಲ್ಲಿ, ಮೇಲಿಂದ ಕೆಳಗೆ ಸೂಜಿ ಚುಚ್ಚಿದ ಹಾಗೆ ತೂತುಗಳು. ಒಳಗೆ ಟಾರ್ಚ್ ಹಿಡಿದರೆ ಒಂದು ತೂತಿನಿಂದ ಬೆಳಕು ಆಚೆ ಬಂತು. ಅಲ್ಲಿಂದಲೇ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಸಿಲಿಂಡರ್‌ಗೆ ಸೋರಿ ಆಯಿಲ್ ಸೇರಿತ್ತು.

ಇದು ಬರೀ ತುಕ್ಕಲ್ಲ. ದೊಡ್ಡ ಡೀಸೆಲ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ವೆಟ್ ಲೈನರ್ ಇರುತ್ತದೆ, ಅಂದರೆ ಕೂಲಂಟ್ ನೇರವಾಗಿ ಲೈನರ್‌ಗೇ ತಾಗುತ್ತದೆ. ಪಿಸ್ಟನ್ ಬಡಿತಕ್ಕೆ ಲೈನರ್ ಅದುರುತ್ತದೆ. ಆ ಅದುರಿಗೆ ಕೂಲಂಟ್‌ನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಅಲ್ಲೇ ಒಡೆಯುತ್ತವೆ. ಒಡೆದಾಗಲೆಲ್ಲ ಕಬ್ಬಿಣ ಚೂರುಚೂರೇ ಕಿತ್ತು ಬರುತ್ತದೆ. ನೈಟ್ರೈಟ್ ಎಂಬ ರಕ್ಷಕ ರಾಸಾಯನಿಕ ಇರುವ ಕೂಲಂಟ್ ಲೈನರ್ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಏಟು ಆ ಪೊರೆಗೆ ಬೀಳುತ್ತದೆ, ಅದು ಮತ್ತೆ ಕಟ್ಟಿಕೊಳ್ಳುತ್ತದೆ. ನಾನು ವರ್ಷಗಟ್ಟಲೆ ಹಾಕಿದ್ದು ಕಾರಿನ ಹಸಿರು ಕೂಲಂಟ್. ಕಡಿಮೆಯಾದಾಗ ಸುಮ್ನೆ ನಲ್ಲಿ ನೀರು ಸುರಿಯುತ್ತಿದ್ದೆ.

ಹಸಿರು, ಕೆಂಪು, ಹಳದಿ, ಇವೆಲ್ಲ ಬರೀ ಡೈ. ಒಳಗೆ ಏನಿದೆ ಅಂತ ಬಣ್ಣ ಹೇಳಲ್ಲ. ಈಗ ಮೊದಲು ಇಂಜಿನ್ ಮ್ಯಾನ್ಯುಯಲ್ ತೆಗೆಯುತ್ತೇನೆ, ಅದು ಕೇಳುವ ಸ್ಟ್ಯಾಂಡರ್ಡ್ ಡಬ್ಬದ ಹಿಂದೆ ಇದೆಯಾ ನೋಡುತ್ತೇನೆ. ಎಎಸ್‌ಟಿಎಂ (ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆ) ಡಿ3306 ಅಂತ ಮಾತ್ರ ಇದ್ದರೆ ಅದು ಕಾರಿಗೆ, ಲಘು ವಾಹನಕ್ಕೆ. ಹೆವಿ ಡ್ಯೂಟಿಗೆ, ಅಂದರೆ ದೊಡ್ಡ ಇಂಜಿನ್‌ಗೆ, ಸಾಮಾನ್ಯವಾಗಿ ಡಿ6210 ಇರಬೇಕು. ಹಾಗಂತ ಎಲ್ಲ ಡೀಸೆಲ್‌ಗೂ ನೈಟ್ರೈಟ್ ಬೇಕು ಅಂತಲ್ಲ. ಕೆಲವು ಕಂಪನಿಗಳು ನೈಟ್ರೈಟ್ ಇಲ್ಲದ ಓಎಟಿ (ಸಾವಯವ ಆಮ್ಲ ಬಳಸುವ) ಕೂಲಂಟನ್ನೇ ಕೇಳುತ್ತವೆ. ಅಲ್ಲಿ ಅದನ್ನೇ ಹಾಕಬೇಕು.

ಹಳೆಯದನ್ನು ಪೂರ್ತಿ ಇಳಿಸಿದೆ. ನೀರು ತುಂಬಿ, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯುವ ಕವಾಟ) ತೆರೆಯುವವರೆಗೆ ಇಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಇಳಿಸಿದೆ. ತಿಳಿನೀರು ಬರುವ ತನಕ ಇದೇ ಕೆಲಸ. ಆಮೇಲೆ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ನಲ್ಲಿ ನೀರಿನ ಕ್ಯಾಲ್ಸಿಯಂ ಬಿಸಿ ಜಾಗದಲ್ಲಿ ಗಟ್ಟಿ ಪದರವಾಗಿ ಹಿಡಿದು ಶಾಖ ತಡೆಯುತ್ತದೆ. ಕಾನ್ಸಂಟ್ರೇಟನ್ನು ನೀರು ಬೆರೆಸದೆ ಹಾಗೇ ಸುರಿದರೆ ಜಾಸ್ತಿ ರಕ್ಷಣೆ ಅನ್ನುವುದೂ ತಪ್ಪು. ಅರ್ಧರ್ಧ ನೀರು ಬೆರೆಸಿದ ಎಥಿಲೀನ್ ಗ್ಲೈಕಾಲ್ (ಕೂಲಂಟ್‌ನ ಮೂಲ ದ್ರವ) ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟಲ್ಲ, ಬರೀ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ನೀರಿನಷ್ಟು ಶಾಖವನ್ನೂ ಹೊರಲ್ಲ.

ಗಾಡಿ ಓಡಿಸುತ್ತಾ ನೈಟ್ರೈಟ್ ಖರ್ಚಾಗುತ್ತದೆ. ಅದಕ್ಕೇ ಪ್ರತಿ ಆಯಿಲ್ ಬದಲಾವಣೆಗೂ ಟೆಸ್ಟ್ ಸ್ಟ್ರಿಪ್ ಅದ್ದಿ ನೋಡುತ್ತೇನೆ. ಕಡಿಮೆ ತೋರಿಸಿದರೆ ಮಾತ್ರ ನೈಟ್ರೈಟ್ ತುಂಬುವ ಅಡಿಟಿವ್, ಅದೂ ಅಳತೆ ಮಾಡಿ. ಜಾಸ್ತಿಯಾದರೆ ಗಸಿಯಾಗಿ ಕೂತು ರೇಡಿಯೇಟರ್ ಕಟ್ಟುತ್ತದೆ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸುವುದನ್ನಂತೂ ಬಿಟ್ಟೇಬಿಟ್ಟೆ.

ಈಗ ಟ್ಯಾಂಕ್ ಮೇಲೆ ಕೂಲಂಟ್ ಹೆಸರು, ಹಾಕಿದ ದಿನ ಪೇಂಟಲ್ಲಿ ಬರೆದಿದ್ದೇನೆ. ಬೆರೆಸಿಟ್ಟ ಒಂದು ಕ್ಯಾನ್ ಸದಾ ಕ್ಯಾಬಿನ್‌ನಲ್ಲಿರುತ್ತದೆ. ದಾರಿಯಲ್ಲಿ ಯಾರೇ ತುಂಬಿದರೂ ಅದನ್ನೇ ತುಂಬಬೇಕು.