ಮಳೆಯ ಪ್ರಮಾಣಕ್ಕೆ ಬದಲಿ ಪದ ಹುಡುಕಿದ್ದು

ಗಡಸು ಕನ್ನಡವನ್ನು ಸಲೀಸಾಗಿ ಓದಿಸುವ ಕನ್ನಡ ಮಾಡುವುದು ನನ್ನ ಕೆಲಸ. ವರದಿ, ಕೈಪಿಡಿ, ಸೂಚನೆಗಳು, ಇಂಥವೆಲ್ಲ ಬರುತ್ತವೆ. ಎಷ್ಟೋ ಸಲ ವಾಕ್ಯ ಸರಿಯಾಗೇ ಇರುತ್ತದೆ, ಯಾವುದೋ ಒಂದು ಪದ ಮಾತ್ರ ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ. ನಿಘಂಟು ತೆರೆದರೆ ಸಮಾನ ಪದಗಳ ಸಾಲೇ ಸಿಗುತ್ತದೆ, ಆದರೆ ನನ್ನ ವಾಕ್ಯ ಯಾವುದು ಅಂತ ಅದಕ್ಕೆ ಗೊತ್ತಿರುವುದಿಲ್ಲ ಅಲ್ವಾ. "ಪ್ರಮಾಣ" ಹುಡುಕಿದರೆ ಅಳತೆ, ಆಣೆ, ಪುರಾವೆ ಎಲ್ಲವೂ ಒಟ್ಟಿಗೆ ಬರುತ್ತವೆ. ನನ್ನ ಮುಂದಿದ್ದ ವಾಕ್ಯ "ಈ ವರ್ಷ ಮಳೆಯ ಪ್ರಮಾಣ ಕಡಿಮೆಯಾಗಿದೆ". ಮಳೆ ಯಾರ ಮೇಲೂ ಆಣೆ ಇಡುವುದಿಲ್ಲ.

ವಾಕ್ಯ ಓದಿ ಪದ ಹೇಳುವ ಏನಾದರೂ ಬೇಕಿತ್ತು. ಮೊದಲು ಕೈಹಾಕಿದ್ದು ಬರ್ಟ್ ಜಾತಿಯ ಮಾದರಿಗಳಿಗೆ, ಅಂದರೆ ರಾಶಿ ರಾಶಿ ಬರಹ ಓದಿ ಭಾಷೆ ಕಲಿತ ಕಂಪ್ಯೂಟರ್ ಪ್ರೋಗ್ರಾಂಗಳಿಗೆ. ಗೂಗಲ್ 2018ರಲ್ಲಿ ಹೊರಬಿಟ್ಟ ಬರ್ಟ್ ಭಾಷೆ ಕಲಿತದ್ದೇ, ಹೆಚ್ಚುಕಡಿಮೆ, ಬಿಟ್ಟ ಸ್ಥಳ ತುಂಬಿ ತುಂಬಿ. ಹಾಗಾದರೆ ನನ್ನ ಪದವನ್ನು ಮುಚ್ಚಿಟ್ಟು ಇಲ್ಲಿ ಏನು ಬರಬಹುದು ಅಂತ ಕೇಳಿದರೆ ಆಯ್ತು ಅಂದುಕೊಂಡೆ. "ಈ ವರ್ಷ ಮಳೆಯ ____ ಕಡಿಮೆಯಾಗಿದೆ" ಅಂತ ಕೊಟ್ಟೆ. ಅಬ್ಬರ, ರಭಸ, ಕೊರತೆ ಬಂದವು.

ಒಂದೊಂದನ್ನೂ ಹಾಕಿ ಓದಿ ನೋಡಿ. ಯಾವುದೂ ಕಿವಿಗೆ ತಪ್ಪು ಅನ್ನಿಸುವುದಿಲ್ಲ. ಆದರೆ "ಮಳೆಯ ಕೊರತೆ ಕಡಿಮೆಯಾಗಿದೆ" ಅಂದರೆ ಮಳೆ ಚೆನ್ನಾಗಿ ಬಂದಿದೆ ಅಂತ! ಮೂಲದಲ್ಲಿದ್ದದ್ದಕ್ಕೆ ಪೂರಾ ಉಲ್ಟಾ. ತಪ್ಪು ಮಾದರಿಯದಲ್ಲ, ನನ್ನದು. ಪದ ಮುಚ್ಚಿದಾಗ ಅದರ ಅರ್ಥವನ್ನೂ ಮುಚ್ಚಿಬಿಟ್ಟಿದ್ದೆ, ಉಳಿದದ್ದು ಬರೀ ಖಾಲಿ ಜಾಗ, ಆ ಜಾಗಕ್ಕೆ ಕೂರುವುದನ್ನು ಅದು ಕೊಟ್ಟಿತ್ತು. ಒಳ್ಳೆಯದು ಇದ್ದ ಕಡೆ ಕೆಟ್ಟದ್ದು, ಹೆಚ್ಚು ಇದ್ದ ಕಡೆ ಕಡಿಮೆ, ಇವೆಲ್ಲ ಹೀಗೇ ಸುಲಭವಾಗಿ ಕೂತುಬಿಡುತ್ತವೆ.

ಇದಕ್ಕೊಂದು ಉಪಾಯ ಇದೆ. ಮೊದಲು ಪೂರ್ತಿ ವಾಕ್ಯ, ಅದರ ಪಕ್ಕದಲ್ಲೇ ಪದ ಮುಚ್ಚಿದ ವಾಕ್ಯ, ಎರಡನ್ನೂ ಜೋಡಿಯಾಗಿ ಕೊಡುವುದು. ಆಗ ಮೂಲ ಪದ ಅದರ ಕಣ್ಣಿಗೆ ಬೀಳುತ್ತದೆ, ಉತ್ತರಗಳು ಸುಧಾರಿಸುತ್ತವೆ. ಕನ್ನಡದಲ್ಲಿ ಮಾತ್ರ ಇನ್ನೊಂದು ತಲೆನೋವು. ಈ ಮಾದರಿಗಳು ಪದಗಳನ್ನು ಚೂರು ಮಾಡಿ ಓದುತ್ತವೆ, ಒಂದು ಖಾಲಿ ಜಾಗ ಅಂದರೆ ಒಂದು ಚೂರು ಅಷ್ಟೇ. ನಮ್ಮ ಪದಗಳೋ ಬಾಲ ಬೆಳೆಸಿಕೊಂಡೇ ಬರುತ್ತವೆ, "ಪ್ರಮಾಣಕ್ಕನುಗುಣವಾಗಿ" ಅನ್ನುವುದನ್ನು ಒಂದು ಚೂರಲ್ಲಿ ತುಂಬು ಅಂದರೆ ಅದಾದರೂ ಏನು ಮಾಡೀತು?

ಹಾಗಾಗಿ ಚಾಟ್‌ಜಿಪಿಟಿಯಂಥ, ಚಾಟ್ ಮಾಡುವ ದೊಡ್ಡ ಮಾದರಿಗಳಿಗೆ ಬಂದೆ. ಇಲ್ಲಿ ತೊಂದರೆ ಬೇರೆ ಥರ. "ಈ ಪದ ಬದಲಿಸು" ಅಂದರೆ ಇಡೀ ವಾಕ್ಯವನ್ನೇ ಹೊಸದಾಗಿ ಬರೆದು ಕೊಡುತ್ತದೆ, ನಾನು ಕೇಳದ ಕಡೆಯೂ ಕೈಯಾಡಿಸಿರುತ್ತದೆ. ಈಗ ನಾನು ವಾಕ್ಯ ಕೇಳುವುದೇ ಇಲ್ಲ. ಹಿಂದಿನ ವಾಕ್ಯ, ಮುಂದಿನ ವಾಕ್ಯ ಎರಡನ್ನೂ ಕೊಡುತ್ತೇನೆ, ಬೇಕಾದ ಪದಕ್ಕೆ ನಕ್ಷತ್ರ ಹಾಕುತ್ತೇನೆ, ಓದುವವರು ಯಾರು ಅಂತ ಹೇಳುತ್ತೇನೆ, ಆಮೇಲೆ ಐದಕ್ಕಿಂತ ಹೆಚ್ಚು ಬೇಡ, ಪದ ಮಾತ್ರ ಕೊಡು, ಯಾವುದೂ ಹೊಂದದಿದ್ದರೆ "ಇದೇ ಇರಲಿ" ಅನ್ನು ಅಂತ ಬರೆಯುತ್ತೇನೆ. ಆ ಕೊನೆಯ ಮಾತು ಮುಖ್ಯ. ಇಲ್ಲ ಅನ್ನಲು ಬಿಡದಿದ್ದರೆ ಅದು ಹೇಗಾದರೂ ಮಾಡಿ ಐದು ತುಂಬಿಸುತ್ತದೆ, ಒಮ್ಮೊಮ್ಮೆ ಯಾರೂ ಆಡದ ಪದವನ್ನು ತಾನೇ ಹೊಲಿದು ಕೊಟ್ಟಿರುತ್ತದೆ. ನಿಘಂಟು ಆಗ ಮತ್ತೆ ಕೆಲಸಕ್ಕೆ ಬರುತ್ತದೆ.

ಪದಗಳನ್ನು ವಾಕ್ಯಕ್ಕೆ ಹಾಕುವವನು ನಾನೇ. ಆಮೇಲೆ ಹೊಸ ಚಾಟ್ ತೆರೆದು ಹಳೇ ವಾಕ್ಯ, ಹೊಸ ವಾಕ್ಯ ಎರಡನ್ನೂ ಕೊಟ್ಟು "ಇವೆರಡರಲ್ಲಿ ಏನು ವ್ಯತ್ಯಾಸ?" ಅಂತ ಕೇಳುತ್ತೇನೆ. "ಎರಡೂ ಒಂದೇನಾ?" ಅಂತ ಕೇಳಬೇಡಿ, ಹೌದು ಅಂದುಬಿಡುತ್ತದೆ.

ಧಾಟಿಯ ವಿಷಯದಲ್ಲಿ ಮಾತ್ರ ನನ್ನ ಕಿವಿಯನ್ನೇ ನಂಬುವುದು. ಸತ್ತರು, ತೀರಿಕೊಂಡರು, ನಿಧನರಾದರು, ಅಸುನೀಗಿದರು, ಎಲ್ಲದರ ಅರ್ಥ ಒಂದೇ. ಆದರೆ "ನಮ್ಮಜ್ಜ ಅಸುನೀಗಿದರು" ಅಂತ ಮನೆಯಲ್ಲಿ ಯಾರು ಹೇಳುತ್ತಾರೆ? ಅದು ಅಪಘಾತದ ಸುದ್ದಿಯ ಭಾಷೆ.

ನಾನು ಮಾಡಿಕೊಂಡ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಬೆಳೆ ಹಾನಿಯ ಬಗ್ಗೆ ಒಂದು ಕೈಪಿಡಿ. "ಪರಿಹಾರ" ಅನ್ನುವುದಕ್ಕೆ ಮಾದರಿ "ನಷ್ಟ ತುಂಬುವ ಹಣ" ಅಂತ ಕೊಟ್ಟಿತು, ಆ ವಾಕ್ಯಕ್ಕೆ ಚೆನ್ನಾಗೇ ಹೊಂದಿತು. ಖುಷಿಯಲ್ಲಿ ಇಡೀ ಕಡತಕ್ಕೆ ಒಂದೇ ಏಟಿಗೆ ಬದಲಿಸಿದೆ. ಮಾರನೇ ದಿನ ಓದಿದರೆ "ಕೀಟಬಾಧೆಗೆ ನಷ್ಟ ತುಂಬುವ ಹಣವೆಂದರೆ ಬೇವಿನೆಣ್ಣೆ ಸಿಂಪಡಿಸುವುದು" ಅಂತ ಇತ್ತು. ಸದ್ಯ, ಅಚ್ಚಿಗೆ ಹೋಗಿರಲಿಲ್ಲ.

ಇನ್ನು ಮಳೆಯ ವಾಕ್ಯ. ಚಾಟ್ ಮಾದರಿ ಅಳತೆ, ಮೊತ್ತ ಅಂತೆಲ್ಲ ಕೊಟ್ಟಿತ್ತು. "ಮಳೆಯ ಅಳತೆ ಕಡಿಮೆಯಾಗಿದೆ" ಅಂತ ಹಾಕಿ ನಾಲ್ಕು ಸಲ ಓದಿದೆ, ಒಗ್ಗಲಿಲ್ಲ. ಕೊನೆಗೆ ಪದವನ್ನೇ ಅಳಿಸಿ "ಈ ವರ್ಷ ಮಳೆ ಕಡಿಮೆಯಾಗಿದೆ" ಅಂತ ಬರೆದೆ. ಅವತ್ತಿನಿಂದ ಪ್ರಾಂಪ್ಟಿನಲ್ಲಿ, ಅಂದರೆ ಮಾದರಿಗೆ ಬರೆದು ಕೊಡುವ ಸೂಚನೆಯಲ್ಲಿ, ಇನ್ನೊಂದು ಸಾಲು ಸೇರಿಕೊಂಡಿದೆ: ಈ ಪದ ಇಲ್ಲದೆಯೂ ನಡೆಯುತ್ತದಾ, ಅದನ್ನು ಮೊದಲು ಹೇಳು.