ಘಟ್ಟ ಇಳಿಯುವವರು ಓದಿಗೆ ಏನನ್ನು ಒಯ್ಯಬೇಕು?

ಪ್ರಯಾಣಕ್ಕೆ ಪುಸ್ತಕ ಆರಿಸುವಾಗ ನಾವು ನಮ್ಮ ಅಭಿರುಚಿಯನ್ನು ಕೇಳುತ್ತೇವೆಯೇ ಹೊರತು ಹೋಗಬೇಕಾದ ದಾರಿಯನ್ನು ಕೇಳುವುದಿಲ್ಲ. ಶಿರಸಿಯಿಂದ ಬಸ್ಸಿನಲ್ಲಿ ಕುಮಟೆಗೆ ಇಳಿದು, ಅಲ್ಲಿ ರೈಲು ಹಿಡಿದು ಕಾರವಾರಕ್ಕೆ ಹೋಗುವವರು ಮೊದಲು ದಾರಿಯನ್ನೇ ಕೇಳುವುದು ಒಳ್ಳೆಯದು.

ಶಿರಸಿ–ಕುಮಟಾ ನಡುವಿನ ಅಂತರ ಸುಮಾರು 60 ಕಿ.ಮೀ. ರಾಗಿಹೊಸಳ್ಳಿಯವರೆಗೆ ಹೇಗೋ ಓದಬಹುದು. ದೇವಿಮನೆ ಘಟ್ಟ ಶುರುವಾದ ಮೇಲೆ ಪುಸ್ತಕ ಮಡಚುವುದೇ ಲೇಸು. ಕಣ್ಣು ಅಲುಗದ ಪುಟವನ್ನು ನೋಡುತ್ತಿರುವಾಗ ಒಳಗಿವಿ ಮಾತ್ರ ಪ್ರತಿ ತಿರುವನ್ನೂ ಮಿದುಳಿಗೆ ತಿಳಿಸುತ್ತಿರುತ್ತದೆ. ಈ ಎರಡು ವರದಿಗಳು ತಾಳೆಯಾಗದಿರುವುದರಿಂದಲೇ ಹೊಟ್ಟೆ ತೊಳಸುತ್ತದೆ. ಕಾದಂಬರಿಯ ಕುತೂಹಲಕ್ಕೆ ಸೋತು ಇದನ್ನು ಮರೆತ ನಾನು ಒಮ್ಮೆ ಘಟ್ಟದ ಕೆಳಗಿನ ಕತಗಾಲದವರೆಗೂ ನಿಂಬೆಹಣ್ಣು ಮೂಸುತ್ತ ಕುಳಿತಿದ್ದೆ. ಘಟ್ಟಕ್ಕೆ ಕೇಳುಪುಸ್ತಕವೇ ಸರಿ, ಆದರೆ ಕಾಡಿನ ನಡುವೆ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಅದನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಬೇಕು. ಕೇಳುವುದು ಒಗ್ಗದವರಿಗೆ ಅಂಕೋಲೆಯ ದಿನಕರ ದೇಸಾಯಿಯವರು ಮನೆಮಾತಾಗಿಸಿದ ಚೌಪದಿಯಂಥ ಪದ್ಯಗಳಿವೆ: ನಾಲ್ಕು ಸಾಲು ಓದಿ ತಲೆಯೆತ್ತಿ ಕಿಟಕಿಯಾಚೆ ನೋಡಬಹುದು.

ರೈಲಿನ ಮಾತು ಬೇರೆ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲು ಮಾರ್ಗದಲ್ಲಿ ಬೋಗಿ ಬಸ್ಸಿನಷ್ಟು ಹೊಯ್ದಾಡುವುದಿಲ್ಲ. ಕುಮಟೆಯಿಂದ ಕಾರವಾರದೊಳಗೆ ಒಂದು ನೀಳ್ಗತೆ ನಿರಾಳವಾಗಿ ಮುಗಿಯುತ್ತದೆ. ಮಳೆಗಾಲದಲ್ಲಿ ಈ ಮಾರ್ಗದ ರೈಲುಗಳು ಬೇರೆ ವೇಳಾಪಟ್ಟಿಯಲ್ಲಿ, ಕಡಿಮೆ ವೇಗದಲ್ಲಿ ಓಡುವುದರಿಂದ ಕೈಯಲ್ಲಿ ಇನ್ನೊಂದು ಕತೆ ಇರಲಿ. ಆ ದಿನಗಳಲ್ಲಿ ಹೊಳಪು ಕಾಗದದ ಪತ್ರಿಕೆ ಬೇಡ: ನೆನೆದರೆ ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸಲು ಹೋದರೆ ಅಕ್ಷರವೇ ಕಿತ್ತುಬರುತ್ತದೆ. ಸಾದಾ ಕಾಗದವಾದರೆ ಸುಕ್ಕಾದರೂ ಒಣಗುತ್ತದೆ.

ಹಿಂದೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಸುಧಾ, ತರಂಗ ಅಥವಾ ಕಸ್ತೂರಿ ಕೊಳ್ಳದೆ ಬಸ್ಸು ಹತ್ತದವರು ಬಹಳ ಮಂದಿ ಇದ್ದರು. ಒಬ್ಬರು ಕೊಂಡ ವಾರಪತ್ರಿಕೆ ಇಳಿಯುವಷ್ಟರಲ್ಲಿ ಮೂರು ಆಸನ ಸುತ್ತಿರುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಫೋನು. ಜನ ಓದುವುದನ್ನು ಬಿಟ್ಟಿದ್ದಾರೆಂದು ನನಗೆ ಅನಿಸುವುದಿಲ್ಲ, ಓದು ಚೂರುಚೂರಾಗಿದೆ ಅಷ್ಟೆ. ಪಕ್ಕದವರ ಫೋನಿನಲ್ಲಿ ಇಣುಕಿ ಓದುವುದು ಅಸಭ್ಯವೆನಿಸಿರುವುದರಿಂದ ಹಂಚಿ ಓದುವ ಸುಖವೂ ಹೋಗಿದೆ. ಫೋನಿನಲ್ಲೇ ಓದುವವರು ಕತೆಯನ್ನು ಮೊದಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಕುಳಿತರೆ ಅರ್ಧ ಸಮಸ್ಯೆ ತೀರುತ್ತದೆ.

ಉಳಿದರ್ಧ ಕಡತದ ಬಗೆಯದು. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಪುಟದ ಫೋಟೋ. ಅಕ್ಷರ ದೊಡ್ಡದು ಮಾಡಿದೊಡನೆ ಸಾಲು ಪರದೆಯಿಂದ ಆಚೆ ಹೋಗಿ, ಪ್ರತಿ ಸಾಲನ್ನೂ ಬೆರಳಿನಿಂದ ಎಳೆಯಬೇಕಾಗುತ್ತದೆ. ಪುಟದ ಚಿತ್ರದ ಬದಲು ಯುನಿಕೋಡ್ ಎಂಬ ಸಂಕೇತದಲ್ಲಿ ಬೆರಳಚ್ಚಿಸಿದ ಅಕ್ಷರಗಳೇ ಇರುವ ಇಪಬ್ ಎಂಬ ಇ-ಪುಸ್ತಕದ ಕಡತದಲ್ಲಿ ಸಾಲುಗಳು ಪರದೆಯ ಅಗಲಕ್ಕೆ ತಾವೇ ಮುರಿದುಕೊಳ್ಳುತ್ತವೆ. ಕನ್ನಡಕ್ಕೆ ಇನ್ನೂ ಒಂದು ಎಚ್ಚರ ಬೇಕು: ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ತೂಗುತ್ತವೆ, ಕುಲುಕಾಟದಲ್ಲಿ ಮೊದಲು ಕಣ್ತಪ್ಪುವುದೂ ಅವೇ. ಗಂಭೀರ ಪ್ರಸಂಗವೊಂದರಲ್ಲಿ ‘ಕತ್ತೆ’ಯನ್ನು ‘ಕತೆ’ಯೆಂದು ಓದಿಕೊಂಡು ಎರಡು ಪುಟ ದಾಟಿದ ಮೇಲೆ ನಾನು ಹಿಂದಿರುಗಬೇಕಾಯಿತು. ಅಕ್ಷರದ ಗಾತ್ರಕ್ಕಿಂತ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಂಡರೆ ಹೆಚ್ಚು ಪ್ರಯೋಜನ.

ಮರಳುವಾಗ ಸಂಜೆಯ ಬಸ್ಸಾದರೆ, ಉಳಿದ ಪುಟಗಳನ್ನು ಕುಮಟಾ ನಿಲ್ದಾಣದ ಬೆಂಚಿನ ಮೇಲೆಯೇ ಮುಗಿಸಿಕೊಳ್ಳಿ. ಬಸ್ಸು ಊರು ದಾಟಿದೊಡನೆ ಚಾಲಕರು ಒಳಗಿನ ದೀಪ ಆರಿಸಿಬಿಡುತ್ತಾರೆ.